ಗಿಳಿಮರಿ ಮನೆಗೆ ಬಂದಾಗ

ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರು ಎಳೆಯುವ ಹೊತ್ತಿಗೆ ಚಳ್ಳಕೆರೆ ಸೀಮೆಯ ಹಳೆಯ ಮರಗಳ ಪೊಟರೆಗಳಲ್ಲಿ ಗಿಳಿಮರಿಗಳು ಕಣ್ಣು ಬಿಟ್ಟಿರುತ್ತವೆ. ಮಕ್ಕಳಿಗೆ ಪರೀಕ್ಷೆಯ ದಿನಗಳೂ ಅವೇ. ಗಾಳಿಗೆ ಕೊಂಬೆ ಮುರಿದೋ, ಯಾರೋ ಪೊಟರೆಗೆ ಕೈ ಹಾಕಿಯೋ ನೆಲಕ್ಕೆ ಬಿದ್ದ ಮರಿಯನ್ನು ಶಾಲೆ ಬಿಟ್ಟು ಬರುವ ಹುಡುಗ ಅಂಗಿಯಲ್ಲಿ ಸುತ್ತಿ ತರುತ್ತಾನೆ. ‘ಅವ್ವಾ, ಇದನ್ನ ಸಾಕಾಣ’ ಎನ್ನುತ್ತಾನೆ. ತಾಯಿ ಹಾಲನ್ನ ಕಲಸುತ್ತಾಳೆ. ತಂದೆ ಪೇಟೆಯಿಂದ ಪಂಜರ ತರುವ ಯೋಚನೆ ಮಾಡುತ್ತಾನೆ. ಮೂವರ ಮನಸ್ಸೂ ಒಳ್ಳೆಯದೇ. ಆದರೆ ಆ ಮರಿಗೆ ಒಳ್ಳೆಯದಾಗಬೇಕಾದರೆ ಹಾಲನ್ನವೂ ಬೇಡ, ಪಂಜರವೂ ಬೇಡ.

ಉಳ್ಳಾರ್ತಿ ಕಾವಲ್ ಹೆಸರೇ ಹೇಳುವಂತೆ ಹುಲ್ಲಿನ ನೆಲ. ಅಮೃತಮಹಲ್ ದನಗಳಿಗೆಂದು ಕಾಯ್ದಿಟ್ಟ ಕಾವಲುಗಳ ಸಾಲಿಗೆ ಸೇರಿದ್ದು. 2010ರ ಸುಮಾರಿಗೆ ಈ ಭಾಗದ ಕಾವಲುಗಳಲ್ಲಿ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಯಿತು. ಹುಲ್ಲಿನ ಹಕ್ಕಿಗಳು ನೆಲದಲ್ಲೇ ಗೂಡು ಮಾಡಿದರೆ, ಗಿಳಿಗೆ ಮರದ ಪೊಟರೆಯೋ ಹಳೆಯ ಗೋಡೆಯ ಬಿರುಕೋ ಬೇಕು. ಊರಂಚಿನ ಹುಣಸೆ, ಬೇವು, ಅರಳಿ ಮರಗಳೇ ಅದರ ಹೆರಿಗೆಮನೆ. ಅಂಥ ಒಂದು ಮುದಿ ಮರ ಉರುಳಿದರೆ ಹಲವು ಸಂಸಾರಗಳು ಬೀದಿಗೆ ಬಿದ್ದಂತೆ.

ಗಿಳಿಯ ವಿಷಯದಲ್ಲಿ ನಮ್ಮ ನಡವಳಿಕೆ ವಿಚಿತ್ರ. ಸೂರ್ಯಕಾಂತಿ, ಜೋಳದ ತೆನೆಗೆ ಬಂದಾಗ ಕವಣೆ ಕಲ್ಲು ಬೀಸಿ ಓಡಿಸುತ್ತೇವೆ. ಅದೇ ಗಿಳಿಯನ್ನು ಮನೆಯೊಳಗೆ ಕೂಡಿಹಾಕಿ ‘ರಾಮ ರಾಮ’ ಅನ್ನಿಸುತ್ತೇವೆ. ಎರಡು ಕಡೆಯೂ ನಮ್ಮ ಅನುಕೂಲವೇ ಮುಖ್ಯ.

ಕಾನೂನು ಏನೆನ್ನುತ್ತದೆ?

ನಮ್ಮ ನಾಡಿನ ಗಿಳಿಗಳನ್ನು ಮನೆಯಲ್ಲಿ ಸಾಕುವುದು ಅಪರಾಧ. ಇದು ಎಷ್ಟೋ ಮಂದಿ ಓದಿದವರಿಗೂ ಗೊತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೊರಳಲ್ಲಿ ಗುಲಾಬಿ ಪಟ್ಟಿಯಿರುವ ಸಾಮಾನ್ಯ ಹಸಿರು ಗಿಳಿಗೂ ರಕ್ಷಣೆ ನೀಡಿದೆ. ಹಿಡಿಯುವುದು, ಮಾರುವುದು, ಕೊಳ್ಳುವುದು, ಇಟ್ಟುಕೊಳ್ಳುವುದು ಎಲ್ಲವೂ ನಿಷಿದ್ಧ. ದೇಶದ ಹಕ್ಕಿಗಳ ವ್ಯಾಪಾರವನ್ನು 1990-91ರಲ್ಲೇ ನಿಲ್ಲಿಸಲಾಯಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಮೂರು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಆದರೆ ಬಿದ್ದ ಮರಿಯನ್ನು ಎತ್ತಿ ಕಾಪಾಡುವುದು ತಪ್ಪಲ್ಲ. ಕಾಪಾಡಿದ ಮೇಲೆ ‘ನಮ್ಮದು’ ಎಂದು ಇಟ್ಟುಕೊಳ್ಳುವುದು ತಪ್ಪು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ ತಿಳಿಸಿ, ಇಲ್ಲವೇ ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹಕ್ಕಿಯನ್ನು ಒಪ್ಪಿಸಿ.

ಅಲ್ಲಿಯವರೆಗೆ ಆರೈಕೆ

ಮೊದಲು ಸುತ್ತಮುತ್ತ ನೋಡಿ. ಪೊಟರೆ ಕೈಗೆಟುಕುವಂತಿದ್ದು ಮರಿಗೆ ಗಾಯವಿಲ್ಲದಿದ್ದರೆ ಅಲ್ಲೇ ಬಿಡಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ಬರೀ ನಂಬಿಕೆ.

ಹಾಗೆ ಬಿಡಲು ಸಾಧ್ಯವಾಗದಿದ್ದರೆ ರಟ್ಟಿನ ಡಬ್ಬಕ್ಕೆ ಗಾಳಿಗೆ ತೂತು ಮಾಡಿ, ಮೆತ್ತನೆಯ ಹತ್ತಿ ಬಟ್ಟೆ ಹಾಸಿ, ಕತ್ತಲಾದ ಬೆಚ್ಚಗಿನ ಮೂಲೆಯಲ್ಲಿಡಿ. ಫ್ಯಾನಿನ ಕೆಳಗೆ ಬೇಡ. ಬೆಕ್ಕು, ನಾಯಿ ಹತ್ತಿರ ಸುಳಿಯಬಾರದು. ಬಾಯಿಗೆ ನೀರು ಹನಿಸುವ ಆತುರ ಬೇಡ. ಆ ನೀರು ಶ್ವಾಸನಾಳಕ್ಕೆ ಇಳಿದರೆ ಮರಿ ಉಳಿಯುವುದಿಲ್ಲ. ಹಕ್ಕಿಗಳಿಗೆ ಹಾಲನ್ನು ಅರಗಿಸಿಕೊಳ್ಳುವ ಶಕ್ತಿಯಿಲ್ಲ. ಆದ್ದರಿಂದ ಹಾಲನ್ನ, ಹಾಲಿನಲ್ಲಿ ನೆನೆಸಿದ ಬ್ರೆಡ್ ಎರಡೂ ಬೇಡ. ಮರಿಗೆ ಏನನ್ನು, ಎಷ್ಟು ಹೊತ್ತಿಗೊಮ್ಮೆ ಕೊಡಬೇಕೆಂದು ಪಶುವೈದ್ಯರನ್ನೇ ಕೇಳಿ.

ಗಿಳಿಯ ಒಣಗಿದ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೂ ಶ್ವಾಸಕೋಶದ ಜ್ವರ ಬರಬಹುದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಮುಖಕ್ಕೆ ಮುಖವಿಟ್ಟು ಮುದ್ದಾಡಬಾರದು.

ಬಾಗಿಲು ತೆರೆದರೆ ಸಾಕೇ?

ವರ್ಷಗಟ್ಟಲೆ ಪಂಜರದಲ್ಲಿದ್ದ ಗಿಳಿಯನ್ನು ಹಬ್ಬದ ದಿನ ಪುಣ್ಯಕ್ಕೆಂದು ಹಾರಿಬಿಡುವವರಿದ್ದಾರೆ. ಇದು ಬಿಡುಗಡೆಯಲ್ಲ. ಅದರ ರೆಕ್ಕೆಯ ಸ್ನಾಯುಗಳು ಸೊರಗಿರುತ್ತವೆ. ಗರಿ ಕತ್ತರಿಸಿದ್ದರೆ ಹಳೆಯ ಗರಿ ಉದುರಿ ಹೊಸದು ಬರಲು ಹಲವು ತಿಂಗಳು ಬೇಕು. ಬೆಕ್ಕಿನ ಭಯ, ಗಿಡುಗನ ನೆರಳು, ಕಾಡಿನ ಕಾಯಿ ಯಾವುದೂ ಅದಕ್ಕೆ ಗೊತ್ತಿರುವುದಿಲ್ಲ. ಸರಿಯಾದ ಪುನರ್ವಸತಿ ಕೇಂದ್ರದಲ್ಲಿ ಇಂಥ ಗಿಳಿಯನ್ನು ತನ್ನ ಜಾತಿಯವುಗಳ ಜತೆ ದೊಡ್ಡ ಪಕ್ಷಿಮನೆಯಲ್ಲಿಟ್ಟು, ಹಾರಾಟ ಕಲಿಸಿ, ಮನುಷ್ಯರ ಸಲಿಗೆ ಬಿಡಿಸಿ, ಆಮೇಲೆ ಹೊರಗೆ ಬಿಡುತ್ತಾರೆ. ಹಾರಲಾರದವುಗಳಿಗೆ ಅಲ್ಲೇ ಆಶ್ರಯ.

ವಿದೇಶಿ ಗಿಳಿಯಾದರೆ?

ಯಾರೋ ಸಾಕಲಾರದೆ ಬಿಟ್ಟ ವಿದೇಶಿ ಗಿಳಿಯನ್ನು ಮನೆಗೆ ತರುವ ಮಾತು ಬೇರೆ. ಆದರೆ ಅಲ್ಲೂ ಯೋಚಿಸಬೇಕು. ಆಫ್ರಿಕಾದ ಬೂದು ಗಿಳಿ 40-50 ವರ್ಷ ಬದುಕಬಲ್ಲದು. ಎಂಟನೇ ತರಗತಿಯ ಹುಡುಗಿ ಇಂದು ತಂದರೆ, ಅವಳ ಮಕ್ಕಳು ಕಾಲೇಜು ಮುಗಿಸಿದರೂ ಅದು ಇರುತ್ತದೆ. ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಇಂಥ ಹಕ್ಕಿಗಳನ್ನು 2024ರ ನಿಯಮಗಳಂತೆ ಸರ್ಕಾರದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು.

ಅದರ ಬುದ್ಧಿಯೇ ಅದಕ್ಕೆ ಕಷ್ಟ. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ತಂದ ‘ಅಲೆಕ್ಸ್’ ಎಂಬ ಬೂದು ಗಿಳಿ 2007ರಲ್ಲಿ ಸಾಯುವ ಹೊತ್ತಿಗೆ ಸುಮಾರು ನೂರು ಪದ ಕಲಿತಿತ್ತು. ಬಣ್ಣ, ಆಕಾರ ಗುರುತಿಸಿ ಹೇಳುತ್ತಿತ್ತು. ಇಂಥ ಜೀವವನ್ನು ಒಂಟಿಯಾಗಿ ಕೂಡಿಹಾಕಿದರೆ ಬೇಸರಕ್ಕೆ ತನ್ನ ಗರಿಯನ್ನು ತಾನೇ ಕಿತ್ತುಕೊಳ್ಳುತ್ತದೆ. ದಿನವೂ ಪಂಜರದ ಹೊರಗೆ ಒಂದೆರಡು ಗಂಟೆ, ಕಡಿಯಲು ಬೇವಿನ ಕಡ್ಡಿ, ರಾತ್ರಿ ಹತ್ತು-ಹನ್ನೆರಡು ಗಂಟೆ ಕತ್ತಲು ಮತ್ತು ನಿದ್ದೆ ಬೇಕು. ಬರೀ ಸೂರ್ಯಕಾಂತಿ ಬೀಜ ತಿಂದರೆ ಕೊಬ್ಬುತ್ತದೆ. ಸೊಪ್ಪು, ಕ್ಯಾರೆಟ್, ಮೊಳಕೆಕಾಳು, ಹಣ್ಣು ಕೊಡಬೇಕು. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ ವಿಷ. ಅತಿಯಾಗಿ ಕಾದ ನಾನ್‌ಸ್ಟಿಕ್ ತವೆಯ ಹೊಗೆ ನಿಮಿಷಗಳಲ್ಲಿ ಹಕ್ಕಿಯನ್ನು ಕೊಲ್ಲಬಲ್ಲದು.

ಇಂಥ ಗಿಳಿಗಳ ವೈವಿಧ್ಯ ನೋಡಬೇಕೆಂದರೆ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನಕ್ಕೆ ಹೋಗಬಹುದು. ಗಿಳಿಗಳ ಪುನರ್ವಸತಿಗೆ ಹೆಸರಾದ ಈ ತಾಣ 468 ಜಾತಿಯ ಹಕ್ಕಿಗಳಿಗಾಗಿ 2017ರಲ್ಲಿ ಗಿನ್ನೆಸ್ ದಾಖಲೆ ಸೇರಿತು.

ದತ್ತು ಪಡೆಯುವ ನೇರ ದಾರಿ

ಮಗುವಿಗೆ ಹಕ್ಕಿಯ ಮೇಲೆ ಪ್ರೀತಿ ಇದ್ದರೆ ಅದನ್ನು ಚಿವುಟಬೇಕಾಗಿಲ್ಲ. ರಾಜ್ಯದ ಮೃಗಾಲಯ ಪ್ರಾಧಿಕಾರಕ್ಕೆ ಸೇರಿದ ಮೃಗಾಲಯಗಳಲ್ಲಿ ಪ್ರಾಣಿ ದತ್ತು ಯೋಜನೆ ಇದೆ. ನಿಗದಿಯಾದ ಹಣ ಕಟ್ಟಿದರೆ ಅದು ಆ ಪ್ರಾಣಿ ಅಥವಾ ಹಕ್ಕಿಯ ಆಹಾರ, ಆರೈಕೆಗೆ ಸಲ್ಲುತ್ತದೆ. ಚಿತ್ರದುರ್ಗದ ಆಡುಮಲ್ಲೇಶ್ವರ ಕಿರು ಮೃಗಾಲಯವೂ ಈ ಪ್ರಾಧಿಕಾರದ್ದೇ. ಒಂದು ತರಗತಿಯ ಮಕ್ಕಳು ಸೇರಿ ಕೈಖರ್ಚಿನ ಹಣ ಕೂಡಿಸಿ ಒಂದು ಹಕ್ಕಿಯ ಹೊಣೆ ಹೊರಬಹುದು.

ಇನ್ನೂ ಸುಲಭದ ಕೆಲಸವಿದೆ. ಊರಂಚಿನ ಪೊಟರೆ ಬಿದ್ದ ಹುಣಸೆ ಮರವನ್ನು ಸೌದೆಗೆ ಕಡಿಯಲು ಹೊರಟಾಗ ‘ಅದರಲ್ಲಿ ಗಿಳಿಗಳಿವೆ’ ಎಂದು ಹಿರಿಯರಿಗೆ ಮಕ್ಕಳು ಹೇಳಿದರೆ ಸಾಕು. ಒಂದು ಗಿಳಿಯನ್ನು ಪಂಜರದಲ್ಲಿ ಸಾಕುವುದಕ್ಕಿಂತ ಹತ್ತು ಗಿಳಿಗಳ ಮನೆಯನ್ನು ಉಳಿಸಿಕೊಡುವುದು ದೊಡ್ಡ ಸಾಕಣೆ.