ಮುರುಮ್ ದಾರಿಯ ಅತಿಥಿಗಳು: ಭಾತಂಬ್ರಾ ಸೀಮೆಯಲ್ಲಿ ಮೋಟಾರ್‌ಸೈಕಲ್ ಪ್ರವಾಸ ಮತ್ತು ಸ್ಥಳೀಯ ವ್ಯಾಪಾರ

ಬೀದರ್ ಜಿಲ್ಲೆಯ ಪ್ರವಾಸೋದ್ಯಮವೆಂದರೆ ಬಹಮನಿ ಸುಲ್ತಾನರ ಕೋಟೆ, 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳು ಹಾಗೂ ಗುರುನಾನಕ್ ಝೀರಾ ಎಂಬುದು ರೂಢಿಯ ಕಲ್ಪನೆ. ಇವೆಲ್ಲವೂ ಬೀದರ್ ನಗರದಲ್ಲಿ ಅಥವಾ ಅದರ ಮಗ್ಗುಲಲ್ಲೇ ಇವೆ. ಬಸ್ಸು ಕಾರುಗಳಲ್ಲಿ ಬಂದವರು ಇವುಗಳನ್ನು ನೋಡಿ ಸಂಜೆಯೊಳಗೆ ಹಿಂದಿರುಗುತ್ತಾರೆ. ಭಾಲ್ಕಿ, ಔರಾದ್ ತಾಲ್ಲೂಕುಗಳ ವರ್ತಕರಿಗೆ ಈ ಸಂಚಾರದಿಂದ ದೊರೆಯುವ ಲಾಭ ಅತ್ಯಲ್ಪ.

ಇತ್ತೀಚಿನ ವರ್ಷಗಳಲ್ಲಿ ಬೇರೊಂದು ಬಗೆಯ ಪ್ರವಾಸಿ ದೇಶದಾದ್ಯಂತ ಕಾಣಿಸಿಕೊಂಡಿದ್ದಾನೆ. ಹತ್ತು ಹದಿನೈದು ಮಂದಿಯ ಗುಂಪು ಕಟ್ಟಿಕೊಂಡು, ಹೆದ್ದಾರಿಯನ್ನು ಬೇಕೆಂದೇ ಬಿಟ್ಟು, ಡಾಂಬರು ಕಾಣದ ಹಳ್ಳಿದಾರಿಗಳನ್ನು ಹುಡುಕಿಕೊಂಡು ಹೊರಡುವ ಮೋಟಾರ್‌ಸೈಕಲ್ ಸವಾರನೇ ಅವನು. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೋ ಎಕ್ಸ್‌ಪಲ್ಸ್ 200 ಮಾರುಕಟ್ಟೆಗೆ ಬಂದ ಮೇಲೆ ಕಚ್ಚಾ ರಸ್ತೆಗೆ ಹೊಂದುವ ವಾಹನ ಮಧ್ಯಮ ವರ್ಗದ ಕೈಗೂ ಎಟುಕಿತು. ಈ ಸವಾರರು ಬಯಸುವ ದಾರಿಗಳು ಭಾತಂಬ್ರಾ ಸುತ್ತಮುತ್ತ ಇವೆ. ಆ ದಾರಿಯಿಂದ ಹಳ್ಳಿಯ ಅಂಗಡಿಗೆ ಏನು ಉಳಿಯುತ್ತದೆ ಎಂಬುದೇ ಇಲ್ಲಿಯ ಪ್ರಶ್ನೆ.

ನೆಲದ ಗುಣ

ಬೀದರ್ ನಗರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಕೋಟೆಯ ಮೂರು ಸಾಲಿನ ಕಂದಕವನ್ನು ಕಡಿದದ್ದೂ, ನೌಬಾದಿನ ಸುರಂಗ ಬಾವಿಯನ್ನು ಕೊರೆದದ್ದೂ ಈ ಕೆಂಪು ಕಲ್ಲಿನಲ್ಲಿಯೇ. ಇದು ಸವೆದು ಉಂಟಾದ ಮುರುಮ್ ನೀರನ್ನು ಬೇಗ ಇಳಿಸಿಕೊಳ್ಳುತ್ತದೆ. ಮಳೆ ನಿಂತ ಕೆಲವೇ ದಿನಗಳಲ್ಲಿ ಚಕ್ರಕ್ಕೆ ಗಟ್ಟಿ ನೆಲವಾಗುತ್ತದೆ. ಪ್ರಸ್ಥಭೂಮಿಯಿಂದ ಕೆಳಗಿಳಿದು ಮಾಂಜ್ರಾ ನದಿಯ ಬಯಲನ್ನು ಸೇರಿದರೆ ಭಾಲ್ಕಿ ಹಾಗೂ ಔರಾದ್ ತಾಲ್ಲೂಕುಗಳ ಎರೆ ಭೂಮಿ ಆರಂಭವಾಗುತ್ತದೆ. ತೊಗರಿ, ಸೋಯಾಬೀನ್, ಉದ್ದು, ಹೆಸರು, ಜೋಳ, ಕಬ್ಬು ಇಲ್ಲಿಯ ಬೆಳೆಗಳು. ಬಯಲಿನಲ್ಲಿ ಕೃಷ್ಣಮೃಗಗಳು, ಹೊಲಗಳಲ್ಲಿ ದೇವಣಿ ತಳಿಯ ದನಗಳು, ಭಾತಂಬ್ರಾ ಮತ್ತು ಭಾಲ್ಕಿಗಳಲ್ಲಿ ಹಳೆಯ ಕೋಟೆಗಳು, ಔರಾದಿನಲ್ಲಿ ಅಮರೇಶ್ವರ ದೇವಾಲಯ, ಭಾಲ್ಕಿ ತಾಲ್ಲೂಕಿನಲ್ಲಿಯೇ ಕಾರಂಜಾ ಜಲಾಶಯ ಇವೆ. ಹೈದರಾಬಾದಿನಿಂದ ಬೀದರಿಗೆ ಸುಮಾರು 140 ಕಿ.ಮೀ. ದೂರವಿದ್ದು, ಶನಿವಾರ ಮುಂಜಾನೆ ಹೊರಟವರು ಭಾನುವಾರ ಸಂಜೆಗೆ ಮರಳಬಹುದು.

ಆದರೆ ಈ ವ್ಯಾಪಾರಕ್ಕೆ ಕಾಲಮಿತಿಯಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆದ ಎರೆ ಮಣ್ಣು ಗಾಲಿಗೆ ಅಂಟಿ, ಮಡ್‌ಗಾರ್ಡಿನೊಳಗೆ ತುಂಬಿ, ಚಕ್ರವನ್ನೇ ತಡೆದು ನಿಲ್ಲಿಸುತ್ತದೆ. ಏಪ್ರಿಲ್, ಮೇ ತಿಂಗಳುಗಳ ಬಿಸಿಲಿನಲ್ಲಿ ರಕ್ಷಾ ಉಡುಪು ತೊಟ್ಟು ಸವಾರಿ ಮಾಡುವುದು ದುಸ್ತರ. ಹೀಗಾಗಿ ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಸುಮಾರು 20 ವಾರಾಂತ್ಯಗಳೇ ಈ ವ್ಯಾಪಾರದ ಹಂಗಾಮು. ಇದೇ ಸುಗ್ಗಿಯ ಕಾಲವೂ ಹೌದು ಎಂಬುದನ್ನು ಮರೆಯುವಂತಿಲ್ಲ.

ದಾರಿ ಒಂದು, ಬೇಡಿಕೆ ಎರಡು

ಸವಾರನಿಗೆ ಆನಂದ ನೀಡುವ ಕಚ್ಚಾ ದಾರಿಯೇ ಹಳ್ಳಿಗನ ಅಹವಾಲು. ಹಾಲಿನ ಕ್ಯಾನು, ಶಾಲೆಯ ಮಕ್ಕಳು, ಹೆರಿಗೆಗೆ ಹೊರಟ ಹೆಣ್ಣುಮಗಳು ಸಾಗಬೇಕಾದದ್ದು ಅದೇ ದಾರಿಯಲ್ಲಿ. 2000ದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾದದ್ದು ಗ್ರಾಮೀಣ ಭಾರತದ ಈ ಕೊರತೆಯನ್ನು ನೀಗಿಸಲೆಂದೇ. ಪ್ರವಾಸಿಗರ ಸಂತೋಷಕ್ಕಾಗಿ ಊರ ರಸ್ತೆಯನ್ನು ಡಾಂಬರಿಲ್ಲದೆ ಬಿಡಬೇಕೆಂದು ಯಾವ ವರ್ತಕನೂ ಕೇಳಲಾಗದು. ಕೇಳಿದರೆ ಅವನ ಅಂಗಡಿಗೆ ಊರವರೇ ಬರಲಾರರು.

ಆದಾಗ್ಯೂ ಈ ವಿರೋಧಕ್ಕೆ ಪರಿಹಾರವಿಲ್ಲದೆ ಇಲ್ಲ. ಊರಿನಿಂದ ಊರಿಗೆ ಹೋಗುವ ರಸ್ತೆ ಬೇರೆ, ಊರಿನಿಂದ ಹೊಲಕ್ಕೆ ಹೋಗುವ ಗಾಡಿದಾರಿ ಬೇರೆ. ಮೊದಲನೆಯದು ಡಾಂಬರು ಕಾಣಲೇಬೇಕು. ಎರಡನೆಯದಕ್ಕೆ ಮುರುಮ್ ಹಾಕಿ, ಬದಿಗೆ ಚರಂಡಿ ತೆಗೆದರೆ ರೈತನ ಎತ್ತಿನಗಾಡಿಗೂ ಟ್ರ್ಯಾಕ್ಟರಿಗೂ ಸಾಕು. ಕರ್ನಾಟಕದಲ್ಲಿ ಉದ್ಯೋಗ ಖಾತರಿಯಡಿ ‘ನಮ್ಮ ಹೊಲ ನಮ್ಮ ದಾರಿ’ ಹೆಸರಿನಲ್ಲಿ ನಡೆದ ಕಾಮಗಾರಿಗಳು ಇಂಥ ದಾರಿಗಳನ್ನೇ ಕುರಿತವು. ಹೊಲದ ದಾರಿ ಸುಸ್ಥಿತಿಯಲ್ಲಿದ್ದರೆ ರೈತನಿಗೂ ಅನುಕೂಲ, ಸವಾರನಿಗೂ ಮಾರ್ಗ.

ಮುರುಮ್ ದಾರಿಯೂ ಆಸ್ತಿಯಾಗಬಲ್ಲದು ಎಂಬುದಕ್ಕೆ ಇಟಲಿಯಲ್ಲಿ ನಿದರ್ಶನವಿದೆ. ಟಸ್ಕನಿ ಪ್ರಾಂತ್ಯದ ಬಿಳಿ ಜಲ್ಲಿಯ ಹಳ್ಳಿದಾರಿಗಳು ಡಾಂಬರಿನಡಿ ಮರೆಯಾಗುತ್ತಿರುವುದನ್ನು ಕಂಡು, ಅವುಗಳ ರಕ್ಷಣೆಯ ಉದ್ದೇಶದಿಂದ 1997ರಲ್ಲಿ ಗಾಯೋಲೆ ಎಂಬ ಚಿಕ್ಕ ಊರಿನಿಂದ ‘ಲೆರೋಯಿಕಾ’ ಎಂಬ ಬೈಸಿಕಲ್ ಸವಾರಿ ಆರಂಭವಾಯಿತು. ಹಳೆಯ ಸೈಕಲ್ಲುಗಳ ಆ ಮೇಳ ಇಂದು ವಿಶ್ವಖ್ಯಾತ. ದಾರಿಬದಿಯ ಊರುಗಳು ತಮ್ಮಲ್ಲಿ ಮೊದಲೇ ಇದ್ದ ದ್ರಾಕ್ಷಾರಸ, ಊಟ, ವಸತಿಗಳನ್ನೇ ಸವಾರರಿಗೆ ಒದಗಿಸಿದವು. ಹೊಸ ಸರಕನ್ನು ಹುಡುಕಲು ಹೋಗಲಿಲ್ಲ.

ಒಂದು ದಿನದ ಲೆಕ್ಕ

ವ್ಯಾಪಾರದ ಮಾತನ್ನು ಅಂಕಿಗಳಲ್ಲಿಯೇ ಪರಿಶೀಲಿಸುವುದು ಲೇಸು. ಹದಿನೈದು ಸವಾರರ ಒಂದು ತಂಡವು ದಿನಕ್ಕೆ 150 ಕಿ.ಮೀ. ಸಂಚರಿಸುವುದೆಂದು ಭಾವಿಸಿದರೆ, ಲೀಟರಿಗೆ 30 ಕಿ.ಮೀ.ಯಂತೆ 75 ಲೀಟರ್ ಪೆಟ್ರೋಲ್ ಬೇಕು. ನೂರು ರೂಪಾಯಿಯಂತೆ 7,500 ರೂ. ಇಬ್ಬರಿಗೊಂದರಂತೆ ಎಂಟು ಕೋಣೆಗಳು, ತಲಾ 1,500 ರೂ. ದರದಲ್ಲಿ 12,000 ರೂ. ರಾತ್ರಿಯೂಟ ತಲಾ 200 ರೂ.ನಂತೆ 3,000, ಮಧ್ಯಾಹ್ನದ ಊಟ 120 ರೂ.ನಂತೆ 1,800, ಚಹಾ ಉಪಾಹಾರ 60 ರೂ.ನಂತೆ 900 ರೂ. ಒಟ್ಟು 25,200 ರೂ. ಇವು ಉದಾಹರಣೆಯ ದರಗಳಷ್ಟೇ. ಪ್ರತಿ ವರ್ತಕನೂ ತನ್ನೂರಿನ ದರವನ್ನು ಹಾಕಿ ನೋಡಬಹುದು.

ತಂಡವು ಬೀದರಿನಲ್ಲಿ ತಂಗಿ, ಅಲ್ಲಿಯೇ ಪೆಟ್ರೋಲ್ ತುಂಬಿಸಿ, ಭಾತಂಬ್ರಾದಲ್ಲಿ ಊಟ ಚಹಾ ಮಾತ್ರ ಮಾಡಿದರೆ ಊರಿಗೆ ಸಿಗುವುದು 2,700 ರೂ., ಅಂದರೆ ಹತ್ತರಲ್ಲಿ ಒಂದು ಪಾಲು. ಅದೇ ತಂಡ ಭಾಲ್ಕಿ-ಭಾತಂಬ್ರಾ ಭಾಗದಲ್ಲಿ ರಾತ್ರಿ ಕಳೆದರೆ 17,700 ರೂ., ಅಂದರೆ ಹತ್ತರಲ್ಲಿ ಏಳು ಪಾಲು ಇಲ್ಲಿಯೇ ಉಳಿಯುತ್ತದೆ. ದಾರಿ ಎಷ್ಟೇ ಸುಂದರವಾಗಿರಲಿ, ಹಣ ನಿಲ್ಲುವುದು ಸವಾರ ಮಲಗುವ ಊರಿನಲ್ಲಿ.

ಇದೇ ಲೆಕ್ಕ ಒಂದು ಎಚ್ಚರಿಕೆಯನ್ನೂ ಹೇಳುತ್ತದೆ. ಎರಡು ವಾರಾಂತ್ಯಕ್ಕೊಂದು ತಂಡದಂತೆ ಹಂಗಾಮಿನಲ್ಲಿ ಹತ್ತು ತಂಡಗಳು ಒಂದೊಂದು ರಾತ್ರಿ ತಂಗಿದರೂ ಇಡೀ ಭಾಗಕ್ಕೆ ಬರುವ ವಹಿವಾಟು 1,77,000 ರೂ. ಮಾತ್ರ. ಸಾಲ ಮಾಡಿ ರೆಸಾರ್ಟ್ ಕಟ್ಟುವವನನ್ನು ಇದು ಮುಳುಗಿಸುತ್ತದೆ. ಈಗಾಗಲೇ ಖಾನಾವಳಿ, ಕಿರಾಣಿ ಅಂಗಡಿ, ಗ್ಯಾರೇಜ್ ಅಥವಾ ಖಾಲಿ ಕೋಣೆಗಳಿರುವ ಮನೆಯನ್ನು ಹೊಂದಿದವನಿಗೆ ಇದು ಉಪ ಆದಾಯ. ಹೊಸ ಉದ್ಯಮವೆಂದು ಭ್ರಮಿಸದೆ, ಇರುವ ವ್ಯಾಪಾರಕ್ಕೆ ಸೇರ್ಪಡೆಯೆಂದು ಕೈಗೊಳ್ಳುವುದೇ ವಿವೇಕ.

ಸವಾರನಿಗೆ ಬೇಕಾದದ್ದು

ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಸಾಮಾನ್ಯ ಬೈಕುಗಳ 17 ಮತ್ತು 18 ಇಂಚಿನ ಟ್ಯೂಬುಗಳು ಸಿಗುತ್ತವೆ. ಆದರೆ ಹಿಮಾಲಯನ್, ಎಕ್ಸ್‌ಪಲ್ಸ್ ಮೊದಲಾದವುಗಳ ಮುಂದಿನ ಚಕ್ರ 21 ಇಂಚಿನದು. ಆ ಅಳತೆಯ ನಾಲ್ಕು ಟ್ಯೂಬು, ಕ್ಲಚ್ ಮತ್ತು ಬ್ರೇಕ್ ಲಿವರ್, ಚೈನ್ ಲಿಂಕ್, ಎಂಜಿನ್ ಆಯಿಲ್ ಇಟ್ಟುಕೊಂಡ ಅಂಗಡಿಯ ಹೆಸರು ಒಂದು ತಂಡದಿಂದ ಮತ್ತೊಂದು ತಂಡಕ್ಕೆ ತಾನಾಗಿ ಹಬ್ಬುತ್ತದೆ. ಕಚ್ಚಾ ದಾರಿಯಲ್ಲಿ ಟೈರಿನ ಗಾಳಿ ಇಳಿಸಿ, ಡಾಂಬರಿಗೆ ಬಂದೊಡನೆ ತುಂಬಿಸಿಕೊಳ್ಳುವುದು ಸವಾರರ ವಾಡಿಕೆಯಾದ್ದರಿಂದ ಗಾಳಿಯಂತ್ರವೇ ಗಿರಾಕಿಯನ್ನು ಅಂಗಡಿಗೆ ಕರೆತರಬಲ್ಲದು.

ಊಟದಲ್ಲಿಯೂ ಹೀಗೆಯೇ. ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆ, ಶೇಂಗಾ ಹಿಂಡಿ, ಮಜ್ಜಿಗೆಗಳನ್ನು ಶುಚಿಯಾಗಿ, ಹೇಳಿದ ಸಮಯಕ್ಕೆ ಬಡಿಸಿದರೆ ಸಾಕು. ನಗರದ ತಿನಿಸಿನ ಅನುಕರಣೆ ಬೇಡ. ಸ್ವಚ್ಛ ಶೌಚಾಲಯವಿಲ್ಲದ ಕಡೆ ಮಹಿಳಾ ಸವಾರರಿರುವ ತಂಡ ಎರಡನೆಯ ಬಾರಿ ಬಾರದು.

2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಬಿದ್ರಿ ಕಲೆಯ ವಸ್ತುಗಳ ಮಾರಾಟಕ್ಕೂ ಅವಕಾಶವಿದೆ. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿ ಕೂರಿಸಿ, ಕೋಟೆಯ ಹಳೆಯ ಮಣ್ಣಿನಿಂದ ಕಪ್ಪು ಬಣ್ಣ ತರಿಸುವ ಈ ಕಲೆಯ ಹೂದಾನಿ, ಹುಕ್ಕಾಗಳು ಭಾರವಾದವು. ಬೈಕಿನ ಚೀಲದಲ್ಲಿ ಅವುಗಳಿಗೆ ಜಾಗವಿಲ್ಲ. ಗುಂಡಿ, ಕೀಲಿಗೊಂಚಲಿನಂತಹ ಸಣ್ಣ ವಸ್ತುಗಳನ್ನು ಎದುರಿಗಿಟ್ಟು, ದೊಡ್ಡವನ್ನು ಕೊರಿಯರ್ ಮೂಲಕ ಮನೆಗೆ ತಲುಪಿಸುವ ವ್ಯವಸ್ಥೆ ಮಾಡಿದವನಿಗೆ ಈ ಗಿರಾಕಿ ದಕ್ಕುತ್ತಾನೆ.

ಮೈಸೂರಿನ ಪಾಠ

ಸವಾರನ ನಿಷ್ಠೆ ಎಷ್ಟು ದೀರ್ಘವೆಂಬುದಕ್ಕೆ ನಾಡಿನಲ್ಲಿಯೇ ಉದಾಹರಣೆಯಿದೆ. ಝೆಕೊಸ್ಲೊವಾಕಿಯಾದ ತಾಂತ್ರಿಕತೆಯೊಂದಿಗೆ 1961ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಆದರೂ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ, ಯೆಜ್ಡಿ ಒಡೆಯರು ಒಟ್ಟಾಗಿ ಸವಾರಿ ಹೊರಡುವ ಪದ್ಧತಿ ಉಳಿದು ಬಂದಿದೆ. ಕಾರ್ಖಾನೆ ಇಲ್ಲದ ಕಾಲದಲ್ಲಿ ಈ ಬೈಕುಗಳನ್ನು ಓಡುವಂತೆ ಇರಿಸಿದವರು ಸಣ್ಣ ಬಿಡಿಭಾಗ ತಯಾರಕರು ಮತ್ತು ನುರಿತ ಮೆಕ್ಯಾನಿಕರು. ಆ ಅಭಿಮಾನವನ್ನು ನಂಬಿಯೇ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಬೇರೊಂದು ಕಂಪನಿಯ ಮೂಲಕ ಮರಳಿ ಮಾರುಕಟ್ಟೆಗೆ ಬಂದವು. ತನ್ನ ವಾಹನವನ್ನು ಅರಿತ ಕೈಯನ್ನು ಸವಾರ ಮರೆಯುವುದಿಲ್ಲ.

ಕಾನೂನು ಮತ್ತು ತೆರಿಗೆ

ಬೈಕುಗಳನ್ನು ಬಾಡಿಗೆಗೆ ಕೊಡಬಯಸುವವರು 1997ರ ಮೋಟಾರ್‌ಸೈಕಲ್ ಬಾಡಿಗೆ ಯೋಜನೆಯಡಿ ಪರವಾನಗಿ ಪಡೆಯಬೇಕು. ಅದಕ್ಕೆ ಕನಿಷ್ಠ ಐದು ವಾಹನಗಳಿರಬೇಕು. ಬಿಳಿ ಫಲಕದ ಸ್ವಂತ ಬೈಕನ್ನು ಬಾಡಿಗೆಗೆ ಕೊಟ್ಟು ಅಪಘಾತವಾದರೆ ವಿಮಾ ಪರಿಹಾರಕ್ಕೇ ಕುತ್ತು ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಮೋಟಾರ್‌ಸೈಕಲ್‌ಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದು, ಅದಕ್ಕೂ ಮೇಲ್ಪಟ್ಟವುಗಳ ಮೇಲೆ ಶೇ. 40 ಆಗಿದೆ. ಅಂದೇ ದಿನಕ್ಕೆ 7,500 ರೂ.ವರೆಗಿನ ಕೋಣೆ ಬಾಡಿಗೆಯ ಮೇಲಿನ ದರ ಹೂಡುವಳಿ ತೆರಿಗೆ ಜಮೆಯ ಸೌಲಭ್ಯವಿಲ್ಲದೆ ಶೇ. 5ಕ್ಕೆ ಇಳಿಯಿತು. ನೋಂದಾಯಿತ ವಸತಿಗೃಹಗಳು ತಮ್ಮ ದರಪಟ್ಟಿಯನ್ನು ಇದಕ್ಕೆ ತಕ್ಕಂತೆ ಪರಿಷ್ಕರಿಸಿಕೊಂಡಿರಬೇಕು.

ಊರಿನ ಒಪ್ಪಿಗೆ

ಅಕ್ಟೋಬರ್‌ನಲ್ಲಿ ಸೋಯಾಬೀನ್, ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿ ನಡೆಯುತ್ತದೆ. ಕಾಳನ್ನು ರಸ್ತೆಯ ಮೇಲೆಯೇ ಹರವಿರುತ್ತಾರೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಹಿಂಬದಿಯ ದೀಪವಿಲ್ಲದೆ ರಾತ್ರಿ ಸಂಚರಿಸುವುದುಂಟು. ಆದ್ದರಿಂದ ಸೂರ್ಯಾಸ್ತದ ಅನಂತರ ಸವಾರಿ ಇಲ್ಲ, ಊರೊಳಗೆ ವೇಗವಿಲ್ಲ, ರಾಶಿಯ ಬಳಿ ಇಳಿದು ತಳ್ಳಿಕೊಂಡು ಹೋಗಬೇಕು, ಕೃಷ್ಣಮೃಗಗಳ ಬೆನ್ನು ಹತ್ತಕೂಡದು ಎಂಬ ನಿಯಮಗಳನ್ನು ತಂಡ ಹೊರಡುವ ಮೊದಲೇ ತಿಳಿಸುವುದು ಆತಿಥೇಯ ವರ್ತಕನ ಹೊಣೆ. ಒಬ್ಬ ರೈತನ ಕಾಳಿನ ಮೇಲೆ ಚಕ್ರ ಹರಿದರೆ ಮುಂದಿನ ತಂಡಕ್ಕೆ ಆ ದಾರಿ ಮುಚ್ಚಿದಂತೆಯೇ. ಅಪಘಾತವಾದಲ್ಲಿ ಭಾಲ್ಕಿಯ ತಾಲ್ಲೂಕು ಆಸ್ಪತ್ರೆ, ಬೀದರಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ತಲುಪುವ ವಾಹನವನ್ನು ಮೊದಲೇ ಗೊತ್ತುಮಾಡಿರಬೇಕು.

ಹಂಗಾಮಿನ ನಡುವೆ ಎಳ್ಳ ಅಮಾವಾಸ್ಯೆ ಬರುತ್ತದೆ. ಅಂದು ಈ ಭಾಗದ ಕುಟುಂಬಗಳು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಭಜ್ಜಿ ಅಂಬಲಿಗಳನ್ನು ದಾರಿಹೋಕರಿಗೂ ಕರೆದು ಬಡಿಸುತ್ತವೆ. ಆ ದಿನದ ಊಟಕ್ಕೆ ಬೆಲೆ ಕಟ್ಟುವ ಯೋಚನೆ ಯಾರಿಗೂ ಬಾರದಿರಲಿ. ಉಳಿದ ದಿನಗಳಲ್ಲಿ ನ್ಯಾಯವಾದ ದರ, ಆ ಒಂದು ದಿನ ಉಚಿತ ಪಂಕ್ತಿ ಎಂಬ ವ್ಯತ್ಯಾಸವನ್ನು ಅತಿಥಿಯೂ ಅರಿತುಕೊಳ್ಳುತ್ತಾನೆ.

ಭಾಲ್ಕಿ, ಭಾತಂಬ್ರಾ, ಔರಾದ್‌ಗಳ ಒಂದಿಷ್ಟು ವರ್ತಕರು ಒಟ್ಟಾಗಿ ಕುಳಿತು, ಯಾರ ಮನೆಯಲ್ಲಿ ಎಷ್ಟು ಕೋಣೆ, ಯಾರ ಅಂಗಡಿಯಲ್ಲಿ ಯಾವ ಬಿಡಿಭಾಗ, ಯಾವ ರೈತರು ತಮ್ಮ ಹೊಲದ ದಾರಿಗೆ ಸಮ್ಮತಿಸಿದ್ದಾರೆ ಎಂಬ ಒಂದು ಪುಟದ ಪಟ್ಟಿಯನ್ನು ಸಿದ್ಧಪಡಿಸಿದರೆ ಆರಂಭಕ್ಕೆ ಅಷ್ಟು ಸಾಕು. ಬಂಡವಾಳಕ್ಕಿಂತ ಮೊದಲು ಈ ಕಾರ್ಯಕ್ಕೆ ಬೇಕಾದದ್ದು ಹೊಲದ ಒಡೆಯನ ಒಪ್ಪಿಗೆ. ಅದು ದೊರೆತರೆ ಮುಂದಿನ ಅಕ್ಟೋಬರ್‌ನಲ್ಲಿ ಮೊದಲ ತಂಡವನ್ನು ಬರಮಾಡಿಕೊಳ್ಳಲು ತಡವೇನಿಲ್ಲ.