ತೊಗಲಿನ ಅಂಚಿಗೆ ಯಾವ ಹತಾರ?

ಕಾರಹುಣ್ಣಿಮೆ ಹತ್ತಿರ ಬಂತೆಂದರೆ ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಸಂತೆಗಳಲ್ಲಿ ಎತ್ತಿನ ಶೃಂಗಾರದ ಸಾಮಾನು ತೂಗುಬೀಳುತ್ತವೆ. ಈಗ ಬಹುಪಾಲು ನೈಲಾನಿನವೇ. ಅವುಗಳ ನಡುವೆ ತೊಗಲಿನ ಗೆಜ್ಜೆಪಟ್ಟಿ ಒಂದು ಸಿಕ್ಕರೆ ಅದರ ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡಿ. ಚೂಪು ತಾಗಬಾರದು, ಎಳೆ ಎದ್ದಿರಬಾರದು. ದಿನವಿಡೀ ಎತ್ತಿನ ಕೊರಳಿಗೆ ಉಜ್ಜುವ ಪಟ್ಟಿ ಅದು. ಅಂಚು ಒರಟಾಗಿದ್ದರೆ ಕೊರಳು ಹುಣ್ಣಾಗುತ್ತದೆ. ಪಟ್ಟಿಗೂ ಕೇಡೇ. ತೊಗಲು ನೀರನ್ನೂ ಬೆವರನ್ನೂ ಮೇಲ್ಮೈಗಿಂತ ಹೆಚ್ಚಾಗಿ ಕುಡಿಯುವುದು ಕೊಯ್ದ ಅಂಚಿನಿಂದ, ಪದರು ಬಿಚ್ಚಿಕೊಳ್ಳುವುದೂ ಅಲ್ಲಿಂದಲೇ. ಬೆಲ್ಟು, ಪರ್ಸು, ಚೀಲಗಳ ಅಂಚಿಗೆ ಬಣ್ಣ ಬಳಿಯುವ ಕೆಲಸದ ಮೂಲ ಕಾರಣ ಇದು. ಚಂದ ಆಮೇಲಿನ ಮಾತು.

ಗದಗ-ಬೆಟಗೇರಿಯಲ್ಲೋ ಶಿರಹಟ್ಟಿಯಲ್ಲೋ ಮನೆಯಲ್ಲೇ ಬೆಲ್ಟು, ಪರ್ಸು ಹೊಲಿಯಲು ಹೊರಟವರು ಮೊದಲು ಕೇಳುವುದು, ಅಂಚಿನ ಬಣ್ಣಕ್ಕೆ ಯಾವ ಹತಾರ ಕೊಳ್ಳಲಿ ಎಂದು. ಅದಕ್ಕೆ ಉತ್ತರ ಅಂಗಡಿಯಲ್ಲಿಲ್ಲ, ಕೈಯಲ್ಲಿರುವ ತೊಗಲಿನಲ್ಲಿದೆ. ತೊಗಲು ಮುಖ್ಯವಾಗಿ ಎರಡು ಬಗೆ. ಮರದ ತೊಗಟೆ, ಕಾಯಿಗಳ ಒಗರಿನಲ್ಲಿ ವಾರಗಟ್ಟಲೆ ನೆನೆಸಿ ಹದ ಮಾಡಿದ್ದು ಒಂದು. ಕ್ರೋಮ್ ಲವಣದಲ್ಲಿ ಬೇಗ ಹದ ಮಾಡಿದ್ದು ಇನ್ನೊಂದು. ಕೊಲ್ಹಾಪುರಿ ಚಪ್ಪಲಿ ಮೊದಲನೆಯ ಬಗೆಯದು. ಕರಿಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದಗೊಂಡ ತೊಗಲು. ಆ ಚಪ್ಪಲಿಯ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಸೇರಿದ್ದು. ಗದಗದ ಹೆಸರು ಆ ಪಟ್ಟಿಯಲ್ಲಿಲ್ಲ. 1997ರವರೆಗೆ ಧಾರವಾಡ ಜಿಲ್ಲೆಯೊಳಗೇ ಇದ್ದ ಊರು ನಮ್ಮದು. ಜಿಲ್ಲೆಯ ಗೆರೆ ಬದಲಾದ ಮಾತ್ರಕ್ಕೆ ಕಸುಬಿನ ಗೆರೆಯೂ ಬದಲಾಗುತ್ತದೆಯೇ ಎಂದು ಕೇಳಬೇಕೆನಿಸುತ್ತದೆ, ಇರಲಿ.

ಯಾವ ತೊಗಲೆಂದು ಗುರುತಿಸುವುದು ಕಷ್ಟವಲ್ಲ. ಕೊಯ್ದ ಅಂಚಿನ ನಟ್ಟನಡುವೆ ಬೂದು-ನೀಲಿ ಛಾಯೆ ಕಂಡರೆ ಸಾಮಾನ್ಯವಾಗಿ ಅದು ಕ್ರೋಮ್. ಕಂದು ಬಣ್ಣ ಆಚೆಯಿಂದ ಈಚೆಯವರೆಗೆ ಒಂದೇ ಸಮ ಇದ್ದರೆ ತೊಗಟೆಯದು. ಸಂಶಯ ಉಳಿದರೆ ಅಂಚನ್ನು ನೀರಿನಿಂದ ತೇವ ಮಾಡಿ, ನುಣುಪಾದ ಮರದ ತುಂಡಿನಿಂದ ಬಿರುಸಾಗಿ ಉಜ್ಜಿ. ತೊಗಟೆಯ ತೊಗಲು ಒತ್ತಿಕೊಂಡು ಹೊಳೆಯುತ್ತದೆ, ಕ್ರೋಮ್ ತೊಗಲು ಅರಳೆಯ ಹಾಗೆ ನೂಲು ಬಿಡುತ್ತದೆ.

ಹೊಳೆದರೆ ನಿಮಗೆ ಬಣ್ಣವೇ ಬೇಡ. ಮರದ ತುಂಡು, ಒಂದಿಷ್ಟು ಜಾಲಿ ಅಂಟು, ದಪ್ಪ ಬಟ್ಟೆಯ ಚೂರು ಸಾಕು. ಅಂಟನ್ನು ನೀರಿನಲ್ಲಿ ತೆಳ್ಳಗೆ ಕರಗಿಸಿ ಅಂಚಿಗೆ ಸವರಿ, ಅದು ಅರೆಬರೆ ಆರಿದಾಗ ಉಜ್ಜಬೇಕು. ತೊಗಲಿಗೆ ಒಗರು ಕೊಟ್ಟ ಮರವೇ ಅದರ ಅಂಚಿಗೆ ಅಂಟನ್ನೂ ಕೊಡುತ್ತದೆ ಎಂಬುದು ನನಗೆ ಬಲು ಇಷ್ಟದ ಸಂಗತಿ. (ಎರೆಹೊಲದ ಬದುಗಳಲ್ಲಿ ಬೆಳೆಯುವ ಕರಿಜಾಲಿ ಇದು. ಹಳ್ಳ-ಕೆರೆಗಳನ್ನು ಆಕ್ರಮಿಸಿರುವ ಬಳ್ಳಾರಿ ಜಾಲಿ ಬೇರೆ.) ಅಂಚು ಕಪ್ಪಾಗಬೇಕೆಂದರೆ ಅನ್ನಭೇದಿಯ ತಿಳಿನೀರಿನಲ್ಲಿ ಬಟ್ಟೆಯನ್ನು ಅದ್ದಿ ಒಮ್ಮೆ ಎಳೆಯಿರಿ. ಅದರಲ್ಲಿನ ಕಬ್ಬಿಣ ತೊಗಲಿನೊಳಗಿನ ಒಗರಿನೊಂದಿಗೆ ಕೂಡಿ ಕಣ್ಣೆದುರೇ ಕಪ್ಪಾಗುತ್ತದೆ. ಅಳಲೆಕಾಯಿ, ಅನ್ನಭೇದಿ ಸೇರಿಸಿ ಹಿಂದಿನವರು ಶಾಯಿ ಮಾಡುತ್ತಿದ್ದುದೂ ಇದೇ ಗುಣದಿಂದ. ಈ ಕಪ್ಪು ಮೇಲೆ ಕೂತದ್ದಲ್ಲವಾದ್ದರಿಂದ ಸುಲಿದುಹೋಗುವುದಿಲ್ಲ. ಆದರೆ ಕೈ ಹಗುರವಿರಲಿ. ಅನ್ನಭೇದಿ ಅತಿಯಾದರೆ ತೊಗಲು ಪೆಡಸಾಗುತ್ತದೆ.

ಕ್ರೋಮ್ ತೊಗಲಿಗೆ ಮಾತ್ರ ಬಣ್ಣ ಬೇಕೇ ಬೇಕು. ಗೋಂದಿನಷ್ಟು ಗಟ್ಟಿಯಾಗಿರುವ, ನೀರಿನಲ್ಲಿ ಕಲಸಿದ ಅಂಚಿನ ಬಣ್ಣ. ಇಲ್ಲಿ ಎಲ್ಲರ ಕೈಯೂ ಮೊದಲು ಬ್ರಷ್‌ಗೆ ಹೋಗುತ್ತದೆ. ನನ್ನ ಮಟ್ಟಿಗೆ ಅದು ಕಡೆಯ ಆಯ್ಕೆ. ಪರ್ಸಿನ ಅಂಚಿನ ದಪ್ಪ ಒಂದೂವರೆ, ಎರಡು ಮಿಲಿಮೀಟರ್. ಬ್ರಷ್ಷಿನ ಕೂದಲು ಅಷ್ಟು ಕಿರಿದಾದ ಜಾಗದಲ್ಲಿ ನಿಲ್ಲದೆ ಮೂಲೆ ದಾಟಿ ಮುಖದ ಮೇಲೆ ಹರಡುತ್ತದೆ, ಗೆರೆಯನ್ನೂ ಬಿಡುತ್ತದೆ. ಸ್ಪಂಜು, ಹತ್ತಿಗಳು ತೆಳು ಬಣ್ಣಕ್ಕೆ ಸರಿ; ಗಟ್ಟಿ ಬಣ್ಣವನ್ನು ಅವು ಕುಡಿಯುತ್ತವೆ, ಗುಳ್ಳೆ ಎಬ್ಬಿಸುತ್ತವೆ.

ಬೆಲೆಯಿಲ್ಲದ, ಆದರೆ ಮೇಲಾದ ಹತಾರ ಪ್ರತಿ ಕಸುಬುದಾರನ ಪೆಟ್ಟಿಗೆಯಲ್ಲಿ ಮೊದಲೇ ಇದೆ. ಹೊಲಿಗೆಗೆ ತೂತು ಹಾಕುವ ಆರಿ. ಅದರ ಮೊನೆಯನ್ನು ಬಣ್ಣದಲ್ಲಿ ಅದ್ದಿ ಎತ್ತಿದರೆ ತುದಿಗಿಂತ ತುಸು ಮೇಲೆ ಹನಿಯೊಂದು ನಿಲ್ಲುತ್ತದೆ. ಆರಿಯನ್ನು ಅಡ್ಡ ಮಲಗಿಸಿ ಹನಿಯನ್ನಷ್ಟೇ ಅಂಚಿಗೆ ತಾಗಿಸಿ ಮುಂದಕ್ಕೆ ಎಳೆಯಬೇಕು. ಕಬ್ಬಿಣ ತೊಗಲಿಗೆ ತಾಗಿದ್ದೂ ತಾಗದ ಹಾಗೆ. ಹನಿ ತಾನೇ ಹರಡಿ ಎರಡೂ ಮೂಲೆಗಳವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ದ್ರವದ ಮೇಲ್ಮೈ ಎಳೆತ ಅದನ್ನು ಮೂಲೆಯಾಚೆ ಬಿಡುವುದಿಲ್ಲ, ಆರಿದ ಮೇಲೆ ನಡು ಸಣ್ಣಗೆ ಉಬ್ಬಿ ಕಾಣುತ್ತದೆ. ಪರ್ಸಿನ ಒಳತಿರುವು, ಕಾರ್ಡು ಇಡುವ ಜೇಬಿನ ಬಾಯಿಗೆಲ್ಲ ಆರಿಗೆ ಸಾಟಿಯಿಲ್ಲ. ಹೊಲಿಗೆಯ ಆರಿಯನ್ನೇ ಬಳಸಬೇಡಿ. ಮೊನೆ ಮೊಂಡಾದ ಹಳೆಯದೊಂದನ್ನು ಇದಕ್ಕೆಂದೇ ಎತ್ತಿಡಿ.

ಬೆಲ್ಟು, ಚೀಲದ ಬಾರುಗಳಂಥ ಉದ್ದನೆಯ ನೇರ ಕೆಲಸಕ್ಕೆ ರೋಲರ್ ಪೆನ್ ಬೇಕು. ಹಿತ್ತಾಳೆಯ ಪುಟ್ಟ ಗಾಲಿ, ಅದರ ಮೈಮೇಲೆ ಸಣ್ಣ ಗೀರುಗಳು; ಆ ಗೀರುಗಳೇ ಬಣ್ಣ ಹೊತ್ತು ತರುತ್ತವೆ. ಕೊಳ್ಳುವಾಗ ಗಾಲಿಯ ಅಗಲ ನಿಮ್ಮ ಅಂಚಿಗಿಂತ ಹೆಚ್ಚಿದೆಯೇ ನೋಡಿಕೊಳ್ಳಿ, ಇಲ್ಲವಾದರೆ ಒಂದು ಬದಿ ಬರಿದಾಗಿ ಉಳಿಯುತ್ತದೆ. ಕೆಲಸ ಮುಗಿದ ಕೂಡಲೇ ಗಾಲಿ ನೀರಿಗೆ ಬೀಳಲಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಗೀರಿನಲ್ಲಿ ಒಣಗಿದ ಬಣ್ಣ ಮತ್ತೆ ಸುಲಭಕ್ಕೆ ಬಿಡುವುದಿಲ್ಲ. ಅಂಚಿಗೆ ಬಣ್ಣ ಹಚ್ಚುವ ಯಂತ್ರಗಳೂ ಇವೆ. ರಾಶಿಗಟ್ಟಲೆ ಮಾಲು ತೆಗೆಯುವ ಕಾರ್ಖಾನೆಗೆ ಅವು, ಮನೆಯ ಕಸುಬಿಗಲ್ಲ.

ಒಂದೇ ಕೈಗೆ ದಪ್ಪ ಬಳಿದು ಮುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಬಳಿದ ಅಂಚು ನೀರು ಸಾಲದ ಹಿಟ್ಟಿನ ರೊಟ್ಟಿಯಂತೆ ಮಡಿಕೆಯಲ್ಲಿ ಬಿರಿಯುತ್ತದೆ. ಮೊದಲ ಕೈ ತೆಳ್ಳಗಿರಲಿ. ಅದು ಒಳಗಿಳಿದು ಎಳೆಗಳನ್ನು ಎಬ್ಬಿಸುತ್ತದೆ. ಪೂರ್ತಿ ಆರಿದ ಮೇಲೆ 400 ನಂಬರಿನ ಪಾಲಿಶ್ ಪೇಪರಿನಿಂದ ಆ ಎಳೆಗಳನ್ನು ಸವೆಸಿ ಎರಡನೆಯ ಕೈ, ಆಮೇಲೆ 600ರ ಪೇಪರು, ಮೂರನೆಯ ಕೈ. ಗಾಳಿಯಂತ್ರಗಳನ್ನೇ ತಿರುಗಿಸುವ ಗಾಳಿ ನಮ್ಮ ಸೀಮೆಯದು, ಆಷಾಢದಲ್ಲಂತೂ ಹೇಳುವುದೇ ಬೇಡ. ಹಸಿ ಅಂಚಿನ ಮೇಲೆ ಒಂದು ಕಣ ಧೂಳು ಕೂತರೂ ಮತ್ತೆ ಉಜ್ಜಬೇಕು. ಕಿಟಕಿ ಮುಚ್ಚಿ, ಮುಗಿದ ಪಟ್ಟಿಗಳನ್ನು ಪೆಟ್ಟಿಗೆಯೊಳಗೆ ಆರಲು ಬಿಡಿ. ಬೇಸಿಗೆಯಲ್ಲಿ ಬಣ್ಣವನ್ನು ಅಗಲದ ತಟ್ಟೆಗೆ ಸುರಿಯಬಾರದು, ಕೆನೆ ಕಟ್ಟುತ್ತದೆ. ಬಾಟಲಿಯ ಮುಚ್ಚಳದಷ್ಟು ಸಾಕು.

ಇಷ್ಟೆಲ್ಲ ಮಾಡಿದ ಮೇಲೂ ಬಣ್ಣ ಗೆರೆಗೆರೆಯಾಗಿ ಬಿಟ್ಟರೆ ತಪ್ಪು ಬಣ್ಣದ್ದಲ್ಲ. ಎರಡು ತೊಗಲು ಅಂಟಿಸುವಾಗ ಹೊರಗೆ ಉಕ್ಕಿದ ರಬ್ಬರ್ ಸಲ್ಯೂಷನ್ ಮೇಲೆ ಈ ಬಣ್ಣ ಹಿಡಿಯುವುದಿಲ್ಲ. ಪದರುಗಳನ್ನು ಅಂಟಿಸಿ, ಹೊಲಿದ ಬಳಿಕ ರಂಪಿಗೆಯಿಂದ ಕೂದಲೆಳೆಯಷ್ಟು ಅಂಚನ್ನು ಮತ್ತೊಮ್ಮೆ ಕೊಯ್ದು ಎಲ್ಲ ಪದರುಗಳನ್ನೂ ಒಂದೇ ಮಟ್ಟಕ್ಕೆ ತರಬೇಕು. ಮೊಂಡ ರಂಪಿಗೆ ಕೊಯ್ಯುವುದಿಲ್ಲ, ಹರಿಯುತ್ತದೆ; ಹರಿದ ಅಂಚನ್ನು ಮೂರು ಕೈ ಬಣ್ಣವೂ ಮುಚ್ಚಲಾರದು. ಆದ್ದರಿಂದ ಹೊಸದಾಗಿ ಶುರುಮಾಡುವವರಿಗೆ ನನ್ನ ಸಲಹೆ: ಮೊದಲ ತಿಂಗಳು ಹಳೆಯ ಆರಿಯಲ್ಲೇ ಬಣ್ಣ ಬಳಿಯಿರಿ, ರೋಲರಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಒಂದು ಒಳ್ಳೆಯ ಮಸೆಗಲ್ಲು ಕೊಳ್ಳಿ.