ರಾಸ್ ತನೂರಾದ ಹಿತ್ತಿಲು, ಊರಿನ ರಂಬುಟಾನ್

ರಾಸ್ ತನೂರಾ ಎಂದರೆ ಎಣ್ಣೆ. ಕೊಲ್ಲಿಯೊಳಕ್ಕೆ ಚಾಚಿಕೊಂಡ ಮರಳಿನ ನಾಲಗೆ, ಅದರ ಮೇಲೆ 1945ರಿಂದ ನಡೆಯುತ್ತಿರುವ ರಿಫೈನರಿ, ದಡದಾಚೆ ಸರದಿ ಕಾಯುವ ಹಡಗುಗಳು, ಪಕ್ಕದಲ್ಲಿ ನಾವು ದಿನಸಿ ತರುವ ರಹೀಮಾ ಪೇಟೆ. ಇಂಥ ಊರಿನಿಂದ ಹಣ್ಣಿನ ಗಿಡದ ಸುದ್ದಿ ಏನು ಬರೆಯುತ್ತಾರೆ ಎಂದು ನಿಮಗೆ ಅನಿಸಬಹುದು. ಆದರೆ ಶುಕ್ರವಾರ ಸಂಜೆ ಇಲ್ಲಿ ನಾಲ್ಕು ಕನ್ನಡಿಗರ ಮನೆಯವರು ಸೇರಿದರೆ ಮೊದಲು ಬರುವ ಮಾತು ಕ್ರಿಕೆಟ್ಟೂ ಅಲ್ಲ, ರಾಜಕೀಯವೂ ಅಲ್ಲ. ರಂಬುಟಾನ್, ಮ್ಯಾಂಗೋಸ್ಟೀನ್, ಬೆಣ್ಣೆಹಣ್ಣು, ಈಚೆಗೆ ಮಿಯಾಝಾಕಿ ಮಾವು.

ಕಾರಣ ದೂರದಲ್ಲಿಲ್ಲ. ನಮ್ಮಲ್ಲಿ ಬಹುತೇಕರು ಸುಳ್ಯ, ಪುತ್ತೂರು, ಬೆಳ್ತಂಗಡಿ, ಕಾರ್ಕಳ ಕಡೆಯವರು, ಅಡಿಕೆ ತೋಟದ ಮಕ್ಕಳು. ಸುಳ್ಯದ ಕಡೆ ಹಳದಿ ಎಲೆ ರೋಗ ತೋಟಗಳನ್ನು ನುಂಗುತ್ತಾ ಬಂದಿದೆ, ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಫೋನಿನಲ್ಲಿ ಅಪ್ಪ 'ಈ ಸಲ ಫಸಲು ಅಷ್ಟಕ್ಕಷ್ಟೆ' ಎಂದು ಹೇಳುವ ದನಿಯಲ್ಲೇ ಉಳಿದದ್ದು ಗೊತ್ತಾಗುತ್ತದೆ. ಇತ್ತ ಕಂಪನಿಗಳಲ್ಲಿ 'ಫೈನಲ್ ಎಕ್ಸಿಟ್' ಎಂಬ ಮಾತು ಯಾವಾಗ ಯಾರ ಮೇಜಿಗೆ ಬರುತ್ತದೋ ಹೇಳುವಂತಿಲ್ಲ. ಸೌದಿ ಕಾನೂನಿನಂತೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ ಕೊನೆಗೆ ಕೈಗೆ ಬರುತ್ತದೆ. ಆ ಗಂಟನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಈಗ ಸಿಗುತ್ತಿರುವ ಉತ್ತರವೇ ವಿದೇಶಿ ಹಣ್ಣಿನ ತೋಟ. ನಮ್ಮ ಕಸುಬು ಲೆಕ್ಕಪತ್ರ. ಹಾಗಾಗಿ ಗೆಳೆಯರು ಗಿಡದ ಪಟ್ಟಿಯನ್ನೂ ಹಿಡಿದುಕೊಂಡು ನಮ್ಮಲ್ಲಿಗೇ ಬರುತ್ತಾರೆ.

ಮೊದಲು ಇಲ್ಲಿನ ಹಿತ್ತಿಲಿನ ಮಾತು. ಮಣ್ಣೆಂದರೆ ಮರಳು, ಅದರಲ್ಲಿ ಉಪ್ಪು. ಜೂನ್ ಬಂತೆಂದರೆ ಶಮಾಲ್ ಗಾಳಿ ಧೂಳು ಹೊತ್ತು ತರುತ್ತದೆ, ಬಿಸಿಲು 45 ಡಿಗ್ರಿ ದಾಟುತ್ತದೆ. ಇಲ್ಲಿ ರಂಬುಟಾನ್ ಬೆಳೆಸುತ್ತೇವೆಂದು ಹೊರಟವರು ಇದ್ದಾರೆ. ಮಳೆಕಾಡಿನ ಗಿಡ ಅದು, ಶೇಡ್ ನೆಟ್ ಕಟ್ಟಿ ಎರಡು ಹೊತ್ತು ನೀರು ಹನಿಸಿದರೂ ಎಲೆಯ ಅಂಚು ಸುಟ್ಟುಕೊಂಡು ಒಂದೇ ಬೇಸಿಗೆಗೆ ಹೋಗುತ್ತದೆ. ತಾಳಿಕೊಳ್ಳುವುದು ದಾಳಿಂಬೆ, ಅಂಜೂರ, ಪೇರಳೆ, ಬೋರೆ. ಚಿಕ್ಕು ಕೂಡ ಉಪ್ಪನ್ನು ಸ್ವಲ್ಪ ಸಹಿಸುತ್ತದೆ. ಕುಂಡದಲ್ಲಿ ಡ್ರ್ಯಾಗನ್ ಹಣ್ಣಿನ ಬಳ್ಳಿಗೆ ನೆರಳು ಕೊಟ್ಟರೆ ಬದುಕುತ್ತದೆ. ಇನ್ನು ಕರಿಬೇವು, ನುಗ್ಗೆ ಇಲ್ಲದ ಕನ್ನಡಿಗರ ಮನೆ ಇಲ್ಲವೆನ್ನಿ. ಅವು ಹಣ್ಣಿನ ಲೆಕ್ಕಕ್ಕೆ ಬರುವುದಿಲ್ಲ, ಮನೆಯೊಡತಿಯ ಲೆಕ್ಕಕ್ಕೆ ಬರುತ್ತವೆ.

ಗಿಡದ ಹುಚ್ಚು ಇರುವವರಿಗೆ ನಿಜವಾದ ಪಾಠಶಾಲೆ ಇರುವುದು ದಕ್ಷಿಣಕ್ಕೆ ಸ್ವಲ್ಪ ದೂರದ ಕತೀಫ್‌ನಲ್ಲಿ. ಮರಳುಗಾಡಿನ ನಡುವೆ ಅದು ಹಳೆಯ ಓಯಸಿಸ್, ಖರ್ಜೂರದ ಸೀಮೆ. ಅಲ್ಲಿನ ಗುರುವಾರದ ಸಂತೆಯ ಹೆಸರು ಈ ಪ್ರಾಂತ್ಯದಲ್ಲೆಲ್ಲ ಪ್ರಸಿದ್ಧ. ನಮ್ಮೂರಿನ ಶಾಲೆಯಂಗಳದಲ್ಲಿ ಮಕ್ಕಳು ಕಲ್ಲಿನಿಂದ ಜಜ್ಜಿ ತಿನ್ನುವ ಕಾಡುಬಾದಾಮಿ ಇಲ್ಲಿ 'ಲೋಝ್' ಎಂಬ ಹೆಸರಿನಲ್ಲಿ ಹಣ್ಣಾಗಿ ಮಾರಾಟವಾಗುತ್ತದೆ. ಬಯಲುಸೀಮೆಯ ಎಲಚಿ, ಬೋರೆಯ ದಾಯಾದಿಗೆ 'ಕನಾರ್' ಎನ್ನುತ್ತಾರೆ. 'ಬಂಬರ್' ಎಂದು ಮಾರುವ ಅಂಟಂಟು ಹಣ್ಣು ಬೇರೇನೂ ಅಲ್ಲ, ನಮ್ಮ ಚಳ್ಳೆಹಣ್ಣು. ಊರಿನಲ್ಲಿ ನಾವು ಆ ಹಣ್ಣನ್ನು ಮಾತಿನಲ್ಲಿ ಮಾತ್ರ ತಿನ್ನಿಸುತ್ತೇವೆ, ಇವರು ನಿಜಕ್ಕೂ ತಿನ್ನುತ್ತಾರೆ. ವಿದೇಶಿ ಎನ್ನುವುದು ನಿಂತ ಜಾಗದ ಮೇಲೆ ಹೋಗುತ್ತದೆ. ಕತೀಫ್‌ನವರಿಗೆ ಹಲಸು ಅಪರೂಪದ ಹಣ್ಣು, ನಮಗೆ ಹೊಸದಾಗಿ ಕಿತ್ತ ಕೆಂಪು ಖುನೈಝಿ ಖರ್ಜೂರ ಅಪರೂಪ.

ಖರ್ಜೂರದವರಿಂದ ನಾವು ಕಲಿತ ಮುಖ್ಯ ವಿಷಯ ಒಂದಿದೆ. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜ ಹಾಕಿದರೆ ಹೆಚ್ಚು ಕಡಿಮೆ ಅರ್ಧದಷ್ಟು ಗಂಡಾಗುತ್ತವೆ. ಹೆಣ್ಣಾದರೂ ತಾಯಿಯ ಹಣ್ಣಿನ ಗುಣ ಬರುತ್ತದೆ ಎಂಬ ಖಾತ್ರಿ ಇಲ್ಲ. ಅದಕ್ಕೇ ಇಲ್ಲಿನ ರೈತ ಬೀಜದ ಗಿಡ ನೆಡುವುದಿಲ್ಲ. ತಾಯಿ ಮರದ ಬುಡದಲ್ಲಿ ಬರುವ ಕಂದನ್ನು ಬಿಡಿಸಿ ನೆಡುತ್ತಾನೆ, ಈಗ ಅಂಗಾಂಶ ಕೃಷಿಯ ಸಸಿಯೂ ಬಂದಿದೆ. ಸುಮಾರು ಐವತ್ತು ಹೆಣ್ಣಿಗೆ ಒಂದು ಗಂಡು ಸಾಕು, ಹೂವಿನ ಪರಾಗವನ್ನು ಕೈಯಿಂದಲೇ ಹಾಕುತ್ತಾರೆ. 'ಖಲಾಸ್' ಎಂದು ಮಾರಿದ ಕಂದು ಖಲಾಸೇ ಆಗಿರಬೇಕು. ಇಲ್ಲದಿದ್ದರೆ ಮಾರಿದವನ ಮರ್ಯಾದೆ ಸಂತೆಯಲ್ಲಿ ಉಳಿಯುವುದಿಲ್ಲ.

ಇದೇ ಶಿಸ್ತು ನಮ್ಮೂರಿನ ಗಿಡದ ವ್ಯಾಪಾರಕ್ಕೂ ಬೇಕಿತ್ತು. ರಂಬುಟಾನ್‌ನದೂ ಹೆಚ್ಚು ಕಡಿಮೆ ಇದೇ ಕಥೆ. ಬೀಜದ ಸಸಿಗಳಲ್ಲಿ ಅರ್ಧದಷ್ಟು ಗಂಡಾಗಬಹುದು, ಅದು ಗೊತ್ತಾಗುವುದು ಹೂ ಬಿಟ್ಟಾಗ, ಅಂದರೆ ಐದಾರು ವರ್ಷ ಕಳೆದ ಮೇಲೆ. ಒಂದು ಎಕರೆಗೆ 30 ಅಡಿ ಅಂತರದಲ್ಲಿ ನೆಟ್ಟರೆ 48 ಗಿಡ ಹಿಡಿಸುತ್ತವೆ. ಬೀಜದ ಸಸಿಗೆ 100 ರೂಪಾಯಿ, ಕಣ್ಣುಕಸಿ ಮಾಡಿದ್ದಕ್ಕೆ 300 ರೂಪಾಯಿ ಎಂದೇ ಇಟ್ಟುಕೊಳ್ಳಿ. ಬೀಜದ್ದನ್ನು ತಂದವನು ಎಕರೆಗೆ ಉಳಿಸಿದ್ದು 9,600 ರೂಪಾಯಿ. ಕಳೆದುಕೊಂಡದ್ದು ಅರ್ಧ ತೋಟ, ಅದರ ಜೊತೆಗೆ ಆರು ವರ್ಷದ ಗೊಬ್ಬರ, ನೀರು, ಆಳಿನ ಕೂಲಿ. ಕಸಿ ಗಿಡವಾದರೆ ಮೂರು ನಾಲ್ಕು ವರ್ಷಕ್ಕೆ ಹಣ್ಣು ತೋರಿಸುತ್ತದೆ. ಕೊಡಗಿನ ಚೆಟ್ಟಳ್ಳಿಯಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ 'ಅರ್ಕಾ ಕೂರ್ಗ್ ಅರುಣ್' ಎಂಬ ಕೆಂಪು ರಂಬುಟಾನ್ ತಳಿಯನ್ನೂ 'ಅರ್ಕಾ ಕೂರ್ಗ್ ಪತಿಬ್' ಎಂಬ ಹಳದಿ ತಳಿಯನ್ನೂ ಕೊಟ್ಟಿದೆ. ತಳಿಯ ಹೆಸರು ಹೇಳಿ ಕೇಳುವುದಕ್ಕೆ ಅಷ್ಟು ಸಾಕು.

ಮ್ಯಾಂಗೋಸ್ಟೀನ್ ಲೆಕ್ಕ ಇದಕ್ಕೆ ತಲೆಕೆಳಗು. ಅದರ ಬೀಜ ಪರಾಗಸ್ಪರ್ಶವಿಲ್ಲದೆಯೇ ಆಗುವಂಥದ್ದು, ಹಾಗಾಗಿ ಬೀಜದ ಸಸಿಯೂ ತಾಯಿಯ ಪಡಿಯಚ್ಚು. ಅಲ್ಲಿ ಕಸಿ ಮಾಡಿದ್ದೆಂದು ಹೆಚ್ಚು ಬೆಲೆ ಕೇಳಿದರೆ, ಬೇಗ ಹಣ್ಣು ಬರುತ್ತದೆ ಎಂಬ ಆಸೆಗೆ ಕೊಡುತ್ತಿದ್ದೇವೆಯೇ ಹೊರತು ತಳಿಯ ಶುದ್ಧಿಗೆ ಅಲ್ಲ. ಮೋಸ ನಡೆಯುವುದು ಬೇರೆ ಕಡೆ. ಜಾರಿಗೆ, ಪುನರ್ಪುಳಿ, ಉಪ್ಪಾಗೆ ಎಲ್ಲವೂ ಮ್ಯಾಂಗೋಸ್ಟೀನ್ ಕುಲದವೇ, ಎಳೆಯ ಸಸಿಯಲ್ಲಿ ಅಭ್ಯಾಸವಿಲ್ಲದ ಕಣ್ಣಿಗೆ ಒಂದೇ ಥರ. ಮ್ಯಾಂಗೋಸ್ಟೀನ್ ಬೆಳೆಯುವುದು ಆಮೆಯ ಹಾಗೆ, ಎರಡು ವರ್ಷಕ್ಕೆ ಒಂದಡಿ ಬಂದರೆ ಪುಣ್ಯ. ಒಂದೇ ವರ್ಷದಲ್ಲಿ ಸೊಂಟದ ಎತ್ತರಕ್ಕೆ ಬಂದ 'ಮ್ಯಾಂಗೋಸ್ಟೀನ್' ತೋರಿಸಿದರೆ ಅದು ಮ್ಯಾಂಗೋಸ್ಟೀನ್ ಅಲ್ಲವೆಂದು ಧೈರ್ಯವಾಗಿ ಹೇಳಬಹುದು. (ಜಾರಿಗೆ ಬಂದರೂ ಬೇಸರವಿಲ್ಲ ಎನ್ನುವವರು ನಮ್ಮಲ್ಲಿ ಒಬ್ಬರಿದ್ದಾರೆ, ಆದರೆ ಅವರು ಪುಕ್ಕಟೆ ಸಿಗುವುದಕ್ಕೆ ದುಡ್ಡು ಕೊಡುವುದಿಲ್ಲ.)

ಇನ್ನೊಂದು ಕಡೆ ಚಳ್ಳೆಹಣ್ಣು ತಿನ್ನಿಸುವ ವ್ಯಾಪಾರ ಅಂಚೆಯ ಬೀಜದ್ದು. ಡುರಿಯನ್, ರಂಬುಟಾನ್, ಮ್ಯಾಂಗೋಸ್ಟೀನ್ ಬೀಜಗಳು ಒಣಗಿದರೆ ಸತ್ತವು. ಹಣ್ಣಿನಿಂದ ತೆಗೆದು ತೇವದಲ್ಲಿಟ್ಟು ಬೇಗನೆ ಊರಬೇಕು. ಬಣ್ಣದ ಪೊಟ್ಟಣದಲ್ಲಿ ಒಣಗಿದ 'ಡುರಿಯನ್ ಬೀಜ ಹತ್ತು' ಎಂದು ಬಂದರೆ ಅದರೊಳಗೆ ಏನೇ ಇರಲಿ, ಮೊಳಕೆಯಂತೂ ಇಲ್ಲ. ನಮ್ಮ ಗೆಳೆಯರೊಬ್ಬರ ಮನೆಗೆ ಇಂಥ ಪೊಟ್ಟಣ ಮೂರು ಸಲ ಬಂದಿದೆ.

ಮಿಯಾಝಾಕಿ ವಿಷಯಕ್ಕೆ ಬರೋಣ. ಕೊಪ್ಪಳದ ಮಾವು ಮೇಳದಲ್ಲಿ ಆ ಹಣ್ಣನ್ನು ಇಟ್ಟಾಗ ಕಿಲೋಗೆ ಲಕ್ಷಗಟ್ಟಲೆ ರೂಪಾಯಿ ಎಂಬ ಸುದ್ದಿ ಇಲ್ಲಿನ ಎಲ್ಲರ ಫೋನಿಗೂ ಬಂತು. ಆಮೇಲೆ ಗಿಡ ಎಲ್ಲಿ ಸಿಗುತ್ತದೆ ಎಂದು ಕೇಳದವರೇ ಕಡಿಮೆ. ಮಿಯಾಝಾಕಿ ಎನ್ನುವುದು ಜಪಾನಿನ ಒಂದು ಪ್ರಾಂತ್ಯದ ಹೆಸರು. ಅಲ್ಲಿ ಹಸಿರುಮನೆಯೊಳಗೆ, ಒಂದೊಂದು ಹಣ್ಣಿಗೂ ಬಲೆ ಕಟ್ಟಿ, ತಾನಾಗಿ ಕಳಚಿ ಬೀಳುವ ತನಕ ಕಾದು ಬೆಳೆಸುತ್ತಾರೆ. ಕನಿಷ್ಠ 350 ಗ್ರಾಂ ತೂಕ, ಸಕ್ಕರೆಯ ಅಂಶ ಶೇಕಡ 15ಕ್ಕೆ ಕಡಿಮೆ ಇಲ್ಲದ್ದಕ್ಕೆ ಮಾತ್ರ 'ಸೂರ್ಯನ ಮೊಟ್ಟೆ' ಎಂಬ ಮುದ್ರೆ. ತಳಿ ಯಾವುದು? ಅಮೆರಿಕದ ಫ್ಲಾರಿಡಾದಲ್ಲಿ ಹುಟ್ಟಿದ ಇರ್ವಿನ್. ಬೆಲೆ ಇರುವುದು ಆ ದುಡಿಮೆಗೆ, ಆ ಮುದ್ರೆಗೆ, ಜಪಾನಿನ ಹರಾಜಿನ ಮೊದಲ ದಿನದ ಖುಷಿಗೆ. ಇರ್ವಿನ್ ಗಿಡವನ್ನು ಕುಂದಾಪುರದ ಮಳೆಯಲ್ಲಿ ನೆಟ್ಟರೆ ಅದು ಇರ್ವಿನ್ ಮಾವೇ. ಆಪೂಸಿನ ಎದುರು ರುಚಿಯಲ್ಲಿ ನಿಲ್ಲುವುದೂ ನಮಗೆ ಅನುಮಾನ. ಸಾವಿರಾರು ರೂಪಾಯಿ ಕೊಟ್ಟು ತಂದು ನೆಡುವವರು ನೆಡಲಿ, ಅದನ್ನು ನಿವೃತ್ತಿಯ ಉಳಿತಾಯ ಎಂದು ನಮ್ಮ ಪುಸ್ತಕದಲ್ಲಿ ಬರೆಸಬಾರದು ಅಷ್ಟೆ.

ಅಪರೂಪದ ಗಿಡದಿಂದ ನೇರವಾಗಿ ಹಣ ಮಾಡಿದ ಉದಾಹರಣೆ ಬೇಕಾದರೆ ನಮ್ಮ ರಾಜ್ಯದಲ್ಲೇ ಇದೆ. ಗುಬ್ಬಿ ತಾಲೂಕಿನ ಚೇಳೂರಿನಲ್ಲಿ ಎಸ್.ಎಸ್. ಪರಮೇಶ ಅವರ ತಂದೆ ಸಿದ್ದಪ್ಪ ನೆಟ್ಟಿದ್ದ ಒಂದು ಹಲಸಿನ ಮರ. ತಾಮ್ರಗೆಂಪು ತೊಳೆ, ಕೈಯಲ್ಲಿ ಹಿಡಿದುಕೊಂಡು ಹೋಗುವಷ್ಟು ಚಿಕ್ಕ ಹಣ್ಣು. ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವರು ಮರವನ್ನು ಪರೀಕ್ಷಿಸಿ, 'ಸಿದ್ದು' ಎಂದು ಹೆಸರಿಟ್ಟು, 2017ರಲ್ಲಿ ಒಪ್ಪಂದ ಮಾಡಿಕೊಂಡು ಕಸಿ ಗಿಡ ಮಾರತೊಡಗಿದರು. ಗಿಡ ಮಾರಿದ ಹಣದಲ್ಲಿ ಶೇಕಡ 75 ಮರದ ಒಡೆಯರಿಗೆ. ಸಮುದ್ರದಾಚೆಯಿಂದ ಏನನ್ನೂ ತರಿಸಲಿಲ್ಲ, ಹಿತ್ತಿಲಿನ ಮರ ಯಾವುದೆಂದು ಸರಿಯಾಗಿ ಗುರುತಿಸಿದರು, ಗುರುತನ್ನು ಕಾಗದದ ಮೇಲೆ ಇಳಿಸಿದರು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಡಿ ರೈತರು ತಮ್ಮ ತಳಿಯನ್ನು ನೋಂದಾಯಿಸಲು ಅವಕಾಶವಿದೆ. ಊರಿಗೆ ಹೋದಾಗ ಅಜ್ಜಿ ನೆಟ್ಟ ಹಲಸಿನ, ಕಾಟುಮಾವಿನ ಬುಡಕ್ಕೂ ಒಮ್ಮೆ ಹೋಗಿ ಬನ್ನಿ.

ಈಗ ಸೂಟ್‌ಕೇಸಿನ ಮಾತು. ರಜೆ ಮುಗಿಸಿ ಬರುವಾಗ ಬಟ್ಟೆಯ ನಡುವೆ ಒದ್ದೆ ಕಾಗದ ಸುತ್ತಿದ ಕಸಿಕಡ್ಡಿ, ಹೋಗುವಾಗ ಖರ್ಜೂರದ ಕಂದು. ಇದನ್ನು ನಮ್ಮವರು ಜಾಣತನವೆಂದು ನಗುತ್ತಾ ಹೇಳುವುದುಂಟು. ನಮಗೆ ನಗು ಬರುವುದಿಲ್ಲ. ನಮ್ಮ ತೆಂಗಿನ ಮರ ಕೊರೆಯುವ ಕೆಂಪು ಮೂತಿ ಹುಳು ದಕ್ಷಿಣ ಏಷ್ಯಾದ್ದು. ಸೌದಿಯಲ್ಲಿ ಅದನ್ನು ಮೊದಲು ಕಂಡದ್ದು 1987ರಲ್ಲಿ, ಇದೇ ಕತೀಫ್‌ನಲ್ಲಿ. ಆಮೇಲೆ ಅದು ನೆಡುವ ಕಂದುಗಳೊಂದಿಗೆ ತೋಟದಿಂದ ತೋಟಕ್ಕೆ, ದೇಶದಿಂದ ದೇಶಕ್ಕೆ ಹೋಯಿತು. ಹೊರಗೆ ಹಸಿರಾಗಿ ನಿಂತ ಮರ ಒಳಗೆ ಟೊಳ್ಳು. ತಾತನ ಕಾಲದ ಮರಗಳನ್ನು ಕಡಿದು ನಾಶಮಾಡಬೇಕಾಗಿ ಬಂದ ರೈತರ ನಾಡಿನಲ್ಲಿ ನಾವು ಅನ್ನ ತಿನ್ನುತ್ತಿದ್ದೇವೆ. ಭಾರತಕ್ಕೆ ಗಿಡ ಒಯ್ಯಲು 2003ರ ಸಸ್ಯ ಸಂಪರ್ಕತಡೆ ಆದೇಶದಂತೆ ಆಮದು ಪರವಾನಗಿಯೂ ಹೊರಡುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಒಂದು ಕಡ್ಡಿಯಾದರೂ ಅಷ್ಟೆ. ಅಡಿಕೆಗೆ ಈಗಿರುವ ರೋಗಗಳೇ ಸಾಕು.

ಕೊನೆಗೆ ಜಾಗ ಮತ್ತು ತೆರಿಗೆ, ಏಕೆಂದರೆ ಇದರಲ್ಲಿ ಗೊಂದಲ ವಿಪರೀತ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಗಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದಾಯಿತು. ಅದನ್ನು ಹಿಡಿದುಕೊಂಡು ಅನಿವಾಸಿಗಳಾದ ನಾವೂ ಕೊಳ್ಳಬಹುದೆಂದು ಹಲವರು ಮುಂಗಡ ಕೊಡಲು ಹೊರಡುತ್ತಾರೆ. ಅದು ರಾಜ್ಯದ ಕಾನೂನು. ಕೇಂದ್ರದ ವಿದೇಶಿ ವಿನಿಮಯ ಕಾನೂನಿನಂತೆ ಅನಿವಾಸಿ ಭಾರತೀಯರು ಕೃಷಿಭೂಮಿ, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ಅಂದರೆ ಅಪ್ಪ ಪ್ರೀತಿಯಿಂದ ದಾನಪತ್ರ ಬರೆಸಿದರೂ ತೊಡಕು. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ವಿದೇಶಕ್ಕೆ ಬರುವ ಮೊದಲೇ ನಮ್ಮ ಹೆಸರಿನಲ್ಲಿದ್ದರೆ ಅದೂ ಸರಿ. ಖಾಯಂ ಆಗಿ ವಾಪಸಾದ ಮೇಲೆ ಮಾತು ಬೇರೆ.

ನರ್ಸರಿ ಆಲೋಚನೆ ಇರುವವರಿಗೆ ಇನ್ನೊಂದು. 2008ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ ವಿವರಣೆಯಂತೆ ನರ್ಸರಿಯಲ್ಲಿ ಬೆಳೆಸಿದ ಸಸಿಯ ಆದಾಯ ಕೃಷಿ ಆದಾಯ. 'ಬೆಳೆಸಿದ' ಎಂಬ ಪದ ಗಮನಿಸಿ. ಬೇರೆ ರಾಜ್ಯದಿಂದ ಲಾರಿಯಲ್ಲಿ ರಂಬುಟಾನ್ ಸಸಿ ತರಿಸಿ, ವಾರ ನೀರು ಹಾಕಿ, ಎರಡು ಪಟ್ಟು ಬೆಲೆಗೆ ಮಾರಿದರೆ ಅದು ವ್ಯಾಪಾರದ ಲಾಭ, ಅದಕ್ಕೆ ತೆರಿಗೆ ಉಂಟು. ಎರಡನ್ನೂ ಮಾಡುವವರು ಖರೀದಿ ಬಿಲ್ಲು, ಸಸಿಯ ಎಣಿಕೆ, ಕಸಿ ಕಟ್ಟಿದ ದಿನಾಂಕ ಎಲ್ಲವನ್ನೂ ಬೇರೆ ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ಕಸಿ ಕಟ್ಟಿದ ದಿನಾಂಕ, ತಾಯಿ ಮರದ ಗುರುತು ಬರೆದಿಟ್ಟ ಪುಸ್ತಕ ಅಧಿಕಾರಿಗೆ ಮಾತ್ರವಲ್ಲ, ಗಿಡ ಕೊಳ್ಳಲು ಬಂದವರಿಗೂ ತೋರಿಸಲು ಒದಗುತ್ತದೆ.

ನಮ್ಮ ನಡುವಿನ ಬೆಳ್ತಂಗಡಿಯ ಗೆಳೆಯರೊಬ್ಬರು ಈ ಮಾರ್ಚ್‌ನಲ್ಲಿ ಫೈನಲ್ ಎಕ್ಸಿಟ್‌ನಲ್ಲಿ ಹೊರಟರು. ಹದಿನೇಳು ವರ್ಷದ ಸೇವೆ. ಮೊದಲು ಅವರ ಪಟ್ಟಿಯಲ್ಲಿ ಅಡಿಕೆ ಪೂರ್ತಿ ಕಡಿದು ಎರಡು ಎಕರೆ ರಂಬುಟಾನ್ ಎಂದಿತ್ತು. ಮಳೆಗಾಲದಲ್ಲಿ ಎಲ್ಲರ ಹಣ್ಣೂ ಒಟ್ಟಿಗೇ ಮಾಗುತ್ತದೆ, ಕಿತ್ತ ಹಣ್ಣು ನಾಲ್ಕೈದು ದಿನಕ್ಕೆ ಕಪ್ಪಾಗುತ್ತದೆ, ಅಷ್ಟರಲ್ಲಿ ಕೊಳ್ಳುವವರು ಯಾರು ಎಂದು ಮೂರು ಶುಕ್ರವಾರ ಕೂತು ಚರ್ಚೆಯಾಯಿತು. ಅವರ ಹೆಂಡತಿಯೇ ಅಡಿಕೆ ಕಡಿಯುವ ಸಾಲಿನ ಮೇಲೆ ಗೆರೆ ಎಳೆದರು. ಈಗ ಮನೆಯ ಹಿಂದಿನ ಖಾಲಿ ಗುಡ್ಡಕ್ಕೆ ಇಪ್ಪತ್ತು ಕಸಿ ರಂಬುಟಾನ್, ಅಡಿಕೆಯ ನಡುವೆ ನೆರಳಿಗೆ ಹತ್ತು ಮ್ಯಾಂಗೋಸ್ಟೀನ್. ಜೂನ್ ಮೊದಲ ಮಳೆಗೆ ನೆಟ್ಟಿದ್ದಾರೆ. ನರ್ಸರಿಯವರು ಕೊಟ್ಟ ಬಿಲ್ಲಿನಲ್ಲಿ ತಳಿಯ ಹೆಸರು ಇರಲಿಲ್ಲವಂತೆ, ಬರೆಸಿಕೊಳ್ಳಲು ಮತ್ತೊಮ್ಮೆ ಹೋಗಿ ಬಂದೆ ಎಂದು ಮೊನ್ನೆ ಫೋನ್ ಮಾಡಿದ್ದರು.